ಕಾಯಿಕೊರಕಕ್ಕೆ ಔಷಧಿ ಬದಲಿಸುತ್ತೇವೆ, ಹೊಟ್ಟೆಗೆ ಯಾಕೆ ಅದೇ ಕಿಟ್?

ನಮ್ಮ ಚಿಕ್ಕಪ್ಪ ಮುಳಬಾಗಿಲು ಕಡೆ ಟೊಮೆಟೊ ಬೆಳೆಯುತ್ತಾರೆ. ಈ ಸಲ ರಜೆಗೆ ಊರಿಗೆ ಹೋದಾಗ ಅವರು ಮುದ್ದೆ ಬಿಟ್ಟು ಬರೀ ಮಜ್ಜಿಗೆ ಅನ್ನ ಉಣ್ಣುತ್ತಿದ್ದರು. ಹೊಟ್ಟೆ ಉರಿ. ಎರಡು ವರ್ಷದಲ್ಲಿ ಎರಡು ಸಲ ಎಚ್. ಪೈಲೋರಿ ಅನ್ನುವ ಹೊಟ್ಟೆಯ ಬ್ಯಾಕ್ಟೀರಿಯಾಕ್ಕೆ ಮಾತ್ರೆಗಳ ಕಿಟ್ ನುಂಗಿದ್ದಾರೆ, ಎರಡೂ ಸಲ 14 ದಿನ, ಒಂದು ಹೊತ್ತೂ ತಪ್ಪಿಸಿಲ್ಲ. ಚಿಕ್ಕಮ್ಮ ಎತ್ತಿಟ್ಟಿದ್ದ ಖಾಲಿ ಸ್ಟ್ರಿಪ್‌ಗಳನ್ನು ನೋಡಿದೆ. ಎರಡರಲ್ಲೂ ಅದೇ ಕ್ಲಾರಿತ್ರೋಮೈಸಿನ್, ಅದೇ ಅಮಾಕ್ಸಿಸಿಲಿನ್, ಜೊತೆಗೆ ಗ್ಯಾಸ್ಟ್ರಿಕ್ ಮಾತ್ರೆ.

ನನಗೂ ಇದೇ ಬ್ಯಾಕ್ಟೀರಿಯಾ ಇತ್ತು. ಇದು ಸಾಮಾನ್ಯವಾಗಿ ಚಿಕ್ಕಂದಿನಲ್ಲೇ ಮನೆಯವರಿಂದ ಅಂಟುತ್ತದೆ, ಹಾಗಾಗಿ ಊರಿಂದಲೇ ಹೊತ್ತುಕೊಂಡು ಜರ್ಮನಿಗೆ ಹೋಗಿರಬೇಕು. ಅಲ್ಲಿನ ಡಾಕ್ಟರ್ ಮೊದಲು ಕೇಳಿದ್ದು, ಇದುವರೆಗೆ ಯಾವ ಯಾವ ಆಂಟಿಬಯೋಟಿಕ್ ತಗೊಂಡಿದ್ದೀರಿ ಅಂತ. ಏನು ಹೇಳಲಿ? ಗಂಟಲು ನೋವಿಗೆ ಮೆಡಿಕಲ್ ಸ್ಟೋರಿನಿಂದ ಅಜಿತ್ರೋಮೈಸಿನ್ ಮೂರು ಮಾತ್ರೆ, ಭೇದಿಗೆ ಮೆಟ್ರೋನಿಡಜೋಲ್, ಹೀಗೆ ಬೆಳೆದವರು ನಾವು, ಲೆಕ್ಕ ಯಾರು ಇಟ್ಟಿದ್ದಾರೆ! ಅಜಿತ್ರೋಮೈಸಿನ್, ಕ್ಲಾರಿತ್ರೋಮೈಸಿನ್ ಒಂದೇ ಗುಂಪಿನವು. ಒಂದನ್ನು ಎದುರಿಸಲು ಕಲಿತ ಬ್ಯಾಕ್ಟೀರಿಯಾ ಇನ್ನೊಂದಕ್ಕೂ ಸುಲಭಕ್ಕೆ ಬಗ್ಗುವುದಿಲ್ಲ.

ಎಂಡೋಸ್ಕೋಪಿ ಮಾಡಿ ಹೊಟ್ಟೆಯ ಒಳಪದರದಿಂದ ತೆಗೆದ ಚೂರನ್ನು ಲ್ಯಾಬಿಗೆ ಕಳಿಸಿದರು. ಈ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವುದು ಕಷ್ಟ, ಆಮ್ಲಜನಕ ಕಮ್ಮಿ ಇರಬೇಕು, ದಿನಗಟ್ಟಲೆ ಕಾಯಬೇಕು. ಪಿಸಿಆರ್ ಅನ್ನುವ ಜೀನ್ ಪರೀಕ್ಷೆಯಲ್ಲಾದರೆ ಕ್ಲಾರಿತ್ರೋಮೈಸಿನ್‌ಗೆ ಬಗ್ಗದಂತೆ ಮಾಡುವ ಜೀನ್ ಬದಲಾವಣೆ ಬೇಗ ಗೊತ್ತಾಗುತ್ತದೆ. ನನ್ನ ರಿಪೋರ್ಟಿನಲ್ಲಿ ಅದು ಇತ್ತು. ಅದಕ್ಕೆ ಬಿಸ್ಮತ್, ಟೆಟ್ರಾಸೈಕ್ಲಿನ್, ಮೆಟ್ರೋನಿಡಜೋಲ್ ಸೇರಿದ ಕ್ಯಾಪ್ಸೂಲ್ ಕೊಟ್ಟರು, ದಿನಕ್ಕೆ 12, ಹತ್ತು ದಿನ, ಜೊತೆಗೆ ಒಮೆಪ್ರಜೋಲ್ ಅನ್ನುವ ಗ್ಯಾಸ್ಟ್ರಿಕ್ ಮಾತ್ರೆ. ಮಲ ಕಪ್ಪಾಗುತ್ತದೆ, ಹೆದರಬೇಡಿ ಅಂತ ಮೊದಲೇ ಹೇಳಿದ್ದರು. ಆರು ವಾರ ಬಿಟ್ಟು ಉಸಿರಿನ ಪರೀಕ್ಷೆ, ಅದಕ್ಕೆ ಎರಡು ವಾರ ಮುಂಚೆ ಗ್ಯಾಸ್ಟ್ರಿಕ್ ಮಾತ್ರೆ ಬಂದ್. ಬ್ಯಾಕ್ಟೀರಿಯಾ ಹೋಗಿತ್ತು.

ಅಲ್ಲಿ ಎಲ್ಲಾ ಚೆನ್ನಾಗಿದೆ ಅಂತಲ್ಲ. ಎಂಡೋಸ್ಕೋಪಿಗೆ ನಾನು ವಾರಗಟ್ಟಲೆ ಕಾದೆ, ಚಿಕ್ಕಪ್ಪನಿಗೆ ಕೋಲಾರದಲ್ಲಿ ಮಾರನೇ ದಿನವೇ ಆಯಿತು. ಚೂರು ಹಾಕಿದ ಹಳದಿ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದ್ದನ್ನು ಅವರಿಗೇ ತೋರಿಸಿದರಂತೆ. ಆದರೆ ಬ್ಯಾಕ್ಟೀರಿಯಾ ಇದೆ ಅಂತ ಗೊತ್ತಾದ ಮೇಲೆ ಅದು ಯಾವ ಔಷಧಿಗೆ ಸಾಯುತ್ತದೆ ಅಂತ ಯಾರೂ ನೋಡಲಿಲ್ಲ, ಮೊದಲ ಕಿಟ್ ಮುಗಿದ ಮೇಲೆ ಅದು ಹೋಯಿತಾ ಅಂತಲೂ ನೋಡಲಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ.

ಕ್ಲಾರಿತ್ರೋಮೈಸಿನ್‌ಗೆ ಬಗ್ಗದ ಈ ಬ್ಯಾಕ್ಟೀರಿಯಾವನ್ನು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲೇ ಹೊಸ ಔಷಧಿ ಬೇಕಾದ ರೋಗಾಣುಗಳ ಪಟ್ಟಿಗೆ ಸೇರಿಸಿತ್ತು. ಹೀಗೆ ಔಷಧಿಗೆ ಬಗ್ಗದ ಗುಣ, ಅಂದರೆ ಪ್ರತಿರೋಧ, ನೂರಕ್ಕೆ 15ಕ್ಕಿಂತ ಜಾಸ್ತಿ ಇರುವ ಕಡೆ ಪರೀಕ್ಷೆ ಇಲ್ಲದೆ ಆ ಮಾತ್ರೆ ಬೇಡ ಅನ್ನುವುದು ಯುರೋಪಿನ ತಜ್ಞರ ಸಲಹೆ. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಪಿಸಿಆರ್ ಇಡಿ ಅಂತ ನಾನು ಕೇಳುತ್ತಿಲ್ಲ. ಒಂದು ಸಲ ಕಿಟ್ ಸೋತಿತು ಅಂದರೆ ಚೂರನ್ನು ಬೆಂಗಳೂರಿನ ದೊಡ್ಡ ಲ್ಯಾಬಿಗೆ ಕಳಿಸಲು ಆಗುತ್ತದಾ ಅಂತ ವಿಚಾರಿಸಬಹುದು ಅಲ್ವಾ? ಆಗದಿದ್ದರೆ ಕ್ಲಾರಿತ್ರೋಮೈಸಿನ್ ಬಿಟ್ಟು ಬಿಸ್ಮತ್ ಇರುವ ನಾಲ್ಕು ಔಷಧಿಯ ಚಿಕಿತ್ಸೆ ಇದೆ, ಪರೀಕ್ಷೆ ಇಲ್ಲದೆ ಕೊಟ್ಟರೂ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅಮಾಕ್ಸಿಸಿಲಿನ್‌ಗೆ ಪ್ರತಿರೋಧ ಅಪರೂಪ, ಅದನ್ನು ಮತ್ತೆ ಕೊಡಬಹುದು. ಸುಮ್ನೆ ಸೋತದ್ದನ್ನೇ ಮತ್ತೆ ಕೊಡಬೇಡಿ, ಅಷ್ಟೇ. ಬ್ಯಾಕ್ಟೀರಿಯಾ ಹೊಟ್ಟೆಯಲ್ಲೇ ಉಳಿದರೆ ಹುಣ್ಣಾಗಬಹುದು, ಕೆಲವರಿಗೆ ಕ್ಯಾನ್ಸರ್ ಕೂಡ.

ಚಿಕ್ಕಪ್ಪನಿಗೆ ಇದನ್ನೆಲ್ಲ ಹೇಳಲು ಐದು ನಿಮಿಷವೂ ಬೇಕಾಗಲಿಲ್ಲ. "ಕಾಯಿಕೊರಕಕ್ಕೆ ಒಂದೇ ಔಷಧಿ ಮೂರು ಸಲ ಹೊಡೆದ್ರೆ ನಾಲ್ಕನೇ ಸಲಕ್ಕೆ ಹುಳ ಅಲ್ಲಾಡಲ್ಲ ಕಣಪ್ಪ. ನಾವು ಬದಲಾಯಿಸ್ತೀವಲ್ಲ, ಇದನ್ಯಾಕೆ ಬದಲಾಯಿಸಲಿಲ್ಲ?" ಅಂದರು.

ಸೋಮವಾರ ಡಾಕ್ಟರ್ ಹತ್ತಿರ ಹೋಗುತ್ತಾರೆ, ಎರಡೂ ಕಿಟ್‌ನ ಖಾಲಿ ಸ್ಟ್ರಿಪ್ ಸಮೇತ. ಚಿಕ್ಕಮ್ಮ ಹಾಲಿನ ಡೇರಿ ಪುಸ್ತಕದ ಕೊನೇ ಪುಟದಲ್ಲಿ ಮನೆಯವರೆಲ್ಲ ನುಂಗಿದ ಆಂಟಿಬಯೋಟಿಕ್ ಹೆಸರು, ತಾರೀಕು ಬರೆಯಲು ಶುರು ಮಾಡಿದ್ದಾರೆ.