ಮುಚ್ಚಳ ಹಾಕಿ ಮಾವ!

ಹೋದ ವಾರದ ತನಕ ನಮ್ಮನೆ ಬೆಳಗು ಹೀಗೇ ಇತ್ತು. ಹಾಲು ಕಾದಿದೆ, ಫಿಲ್ಟರಿಗೆ ಪುಡಿ ಹಾಕಿಯಾಗಿದೆ, ಬಿಸಿನೀರು ಸುರಿಯೋಣ ಅಂತ ಕೆಟಲ್ ಎತ್ತಿದರೆ ಹಗುರ! ಅರ್ಧ ನೀರು ಆವಿಯಾಗಿ ಮೇಲಿನ ಕಪಾಟಿಗೆ ಅಭಿಷೇಕವಾಗಿದೆ. ಪ್ಲೈವುಡ್ ಬಾಗಿಲು ಊದಿಕೊಂಡು ಸರಿಯಾಗಿ ಮುಚ್ಚುವುದನ್ನೇ ಬಿಟ್ಟಿದೆ.

ಕಾರಣ ನಮ್ಮ ಮಾವ. ನೀರು ಕುದಿಯುವುದು ಅವರ ಕಣ್ಣಿಗೆ ಕಾಣಬೇಕು. ಸ್ವಿಚ್ ಒತ್ತಿ, ಮುಚ್ಚಳ ತೆರೆದು, ಕನ್ನಡಕ ಹಣೆಗೇರಿಸಿ ಬಗ್ಗಿ ನೋಡುತ್ತಾರೆ. ಕನ್ನಡಕ ಇಳಿಸಿದರೆ ಮಂಜು, ಏರಿಸಿದರೆ ಮಬ್ಬು. ಅಷ್ಟರಲ್ಲಿ ಪೇಪರಿನ ಹುಡುಗ ಬೆಲ್ ಮಾಡುತ್ತಾನೆ. ಮಾವ ಪೇಪರಿಗೆ ಹೋಗುತ್ತಾರೆ, ಮುಚ್ಚಳ ತೆರೆದೇ ಇರುತ್ತದೆ.

"ಮಾವ, ಮುಚ್ಚಳ ಹಾಕಿ. ತಾನೇ ಆಫ್ ಆಗುತ್ತೆ."

"ಕುದೀತು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತಮ್ಮ?"

ನ್ಯಾಯವಾದ ಪ್ರಶ್ನೆಯೇ. ವಿವರಿಸಿದೆ. ಆವಿ ಒಳಗಿನ ಸಣ್ಣ ದಾರಿಯಲ್ಲಿ ನುಗ್ಗಿ, ಎರಡು ಲೋಹ ಬೆಸೆದ ಪಟ್ಟಿಗೆ ತಾಗುತ್ತದೆ. ಒಂದು ಲೋಹ ಜಾಸ್ತಿ ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಪಟ್ಟಿ ಬಾಗುತ್ತದೆ, ಟಕ್ ಅಂತ ಸ್ವಿಚ್ ಬೀಳುತ್ತದೆ. ಮುಚ್ಚಳ ತೆರೆದಿದ್ದರೆ ಆವಿಯೆಲ್ಲ ಮೇಲೆ ಹೋಗಿ, ಪಟ್ಟಿಗೆ ಸುದ್ದಿಯೇ ಮುಟ್ಟುವುದಿಲ್ಲ. ಕರೆಂಟಿನ ಕೆಟಲ್ 1890ರ ದಶಕದಲ್ಲೇ ಬಂದಿತ್ತು, ಆದರೆ ಜನ ಪಕ್ಕದಲ್ಲೇ ಕಾಯುತ್ತ ನಿಲ್ಲಬೇಕಿತ್ತು. ಇಂಗ್ಲೆಂಡಿನ ರಸೆಲ್ ಹಾಬ್ಸ್ ಕಂಪನಿ 1955ರಲ್ಲಿ ತಾನೇ ಆಫ್ ಆಗುವ ಕೆಟಲ್ ತಂದಿದ್ದೇ ಆ ಕಾಯುವಿಕೆ ತಪ್ಪಿಸಲು. ಮಾವ ಬಗ್ಗಿ ನೋಡಲಿ ಅಂತಲ್ಲ.

ಇನ್ನೂ ಹೇಳಿದೆ. 1990ರ ಫುಟ್ಬಾಲ್ ವಿಶ್ವಕಪ್ಪಿನಲ್ಲಿ ಇಂಗ್ಲೆಂಡ್–ಪಶ್ಚಿಮ ಜರ್ಮನಿ ಸೆಮಿಫೈನಲ್ ಮುಗಿದ ಕೂಡಲೇ ಬ್ರಿಟನ್ನಿನ ಜನ ಎದ್ದು ಟೀಗೆ ಕೆಟಲ್ ಹಾಕಿದ್ದೂ ಸೇರಿ, ಸುಮಾರು 2,800 ಮೆಗಾವ್ಯಾಟ್ ಬೇಡಿಕೆ ಒಮ್ಮೆಲೇ ಏರಿತ್ತು.

ಮಾವ ಯೋಚಿಸಿ ಹೇಳಿದರು: "ಅಲ್ಲೂ ಯಾರೋ ಮುಚ್ಚಳ ತೆಗೆದಿಟ್ಟಿರಬೇಕು."

ಸಿಟ್ಟು ಬರುತ್ತೆ, ಅಲ್ವಾ? ಬಂದಷ್ಟೇ ಬೇಗ ಇಳಿಯುತ್ತೆ ಕೂಡ. ಊರಲ್ಲಿ ಬಚ್ಚಲ ಹಂಡೆ ಅವರ ಸುಪರ್ದಿಯಲ್ಲಿತ್ತು. ನಸುಕಿಗೇ ಎದ್ದು ಒಲೆಗೆ ಅಡಿಕೆ ಸಿಪ್ಪೆ ತುಂಬುತ್ತಿದ್ದರು. ಮಿಂದವರು ತೋಡಿಕೊಂಡಷ್ಟು ತಣ್ಣೀರು ಸುರಿದೇ ಬರಬೇಕು, ಇಲ್ಲದಿದ್ದರೆ ಬೈಗುಳ. ಮನೆ ಮಾರಿದಾಗ ತಾಮ್ರದ ಹಂಡೆಯನ್ನು ತೂಕಕ್ಕೆ ಹಾಕಿದೆವು. ಇಷ್ಟು ಜನರಿಗೆ ನೀರು ಕಾಯಿಸಿದವರಿಗೆ ಇಲ್ಲಿ ಸಿಕ್ಕಿದ್ದು ಒಂದೂವರೆ ಲೀಟರಿನ ಕೆಟಲ್. ಅದಕ್ಕೂ ನಾನು "ನೀವು ನೋಡಬೇಕಾಗಿಲ್ಲ" ಅನ್ನುತ್ತೇನೆ.

ಕೊನೆಗೆ ಗಾಜಿನ ಕೆಟಲ್ ತರಿಸಿದೆವು. ಮುಚ್ಚಳ ಹಾಕಿದ್ದರೂ ಒಳಗೆಲ್ಲ ಕಾಣುತ್ತದೆ. ಮಾವ ಸ್ಟೂಲ್ ಎಳೆದುಕೊಂಡು ಎದುರಿಗೇ ಕೂರುತ್ತಾರೆ. ನಾಲ್ಕು ಗುಳ್ಳೆ ಏಳುವುದೇ ತಡ, ಕೈ ಹಾಕಿ ಟಕ್ ಅನ್ನಿಸುತ್ತಾರೆ.

"ಅದಕ್ಕಿಂತ ಮೊದಲೇ ನಾನೇ ಆಫ್ ಮಾಡಿದೆ ನೋಡು!"

ಡಿಕಾಕ್ಷನ್ ಈಗ ಟೀ ಬಣ್ಣಕ್ಕೆ ಇಳಿಯುತ್ತಿದೆ.