ಬಚ್ಚಲಲ್ಲೊಬ್ಬ ಬಾಡಿಗೆ ಕೊಡದವನು

ಮಳೆಗಾಲದ ರಾತ್ರಿ ಮೈಸೂರಿನ ಯಾವುದಾದರೂ ಬಚ್ಚಲುಮನೆಯಿಂದ ‘ಅಯ್ಯಯ್ಯೋ, ಜಿಗಣೆ!’ ಎಂಬ ಕೂಗು ಕೇಳಿದರೆ ಗಾಬರಿಯಾಗಬೇಡಿ. ಬಹುಮಟ್ಟಿಗೆ ಅದು ಜಿಗಣೆಯಾಗಿರುವುದಿಲ್ಲ. ಕಪ್ಪಗೆ, ಚಪ್ಪಟೆಯಾಗಿ, ಬೆನ್ನ ನಡುವೆ ತಿಳಿಬಣ್ಣದ ಗೆರೆ ಎಳೆದುಕೊಂಡು ಬರುವ ಆಸಾಮಿ ಚಿಪ್ಪಿಲ್ಲದ ಬಸವನಹುಳು. ಕಚ್ಚುವುದಿಲ್ಲ, ರಕ್ತ ಹೀರುವುದಿಲ್ಲ, ಓಡಿಹೋಗುವುದೂ ಇಲ್ಲ. ಆ ಕೊನೆಯದ್ದೇ ತಾಪತ್ರಯ. ಮಂಡ್ಯದ ಕಡೆಯವರಿಗಂತೂ ಮಳೆಯ ನೆಪವೂ ಬೇಕಿಲ್ಲ. ನಾಲೆಗೆ ನೀರು ಬಿಟ್ಟು ಗದ್ದೆ ತುಂಬಿತೆಂದರೆ ಪಕ್ಕದ ಮನೆಗಳ ಹಿತ್ತಿಲೂ ಒದ್ದೆ, ಹುಳುಗಳಿಗೆ ಹಬ್ಬ.

ಕೂಗು ಕೇಳಿದೊಡನೆ ಮನೆಯಲ್ಲೊಬ್ಬರು ಉಪ್ಪಿನ ಡಬ್ಬಿ ಹಿಡಿದು ಓಡಿ ಬರುತ್ತಾರೆ. ಉಪ್ಪು ಮೈಯ ನೀರನ್ನೆಲ್ಲ ಹೊರಕ್ಕೆಳೆದು ಹುಳು ಸಾಯುವುದೇನೋ ನಿಜ. ಆದರೆ ಹೋಗುವ ಮುಂಚೆ ಅದು ತನ್ನ ಲೋಳೆಯನ್ನೆಲ್ಲ ನೆಲಕ್ಕೆ ದಾನ ಮಾಡುತ್ತದೆ. ಅದರ ಮೇಲೆ ಒಂದು ಚೊಂಬು ನೀರು ಹುಯ್ದಿರೋ, ಕೆಟ್ಟಿತು. ಲೋಳೆ ನೀರು ಕುಡಿದು ಉಬ್ಬುವ ವಸ್ತು; ತೊಳೆದಷ್ಟೂ ಹೆಚ್ಚುತ್ತದೆ. ಹುಳುವಿನ ಕಥೆ ಮುಗಿಯಿತು, ಇನ್ನು ಜಾರಿ ಬೀಳುವ ಸರದಿ ಯಜಮಾನರದ್ದು. ಉಳಿದ ಉಪ್ಪನ್ನು ತುಳಸಿಕಟ್ಟೆಯ ಸುತ್ತ ಚೆಲ್ಲುವವರೂ ಇದ್ದಾರೆ. ಹುಳುವಿಗಿಂತ ಮೊದಲು ತುಳಸಿಯೇ ಹೋಗುತ್ತದೆ.

ಸರಿಯಾದ ಕ್ರಮ ಇದಕ್ಕಿಂತ ಸಪ್ಪೆ. ಹಳೆಯ ರಟ್ಟಿನ ಮೇಲೆ ಹುಳುವನ್ನು ಕಡ್ಡಿಯಿಂದ ದೂಡಿಕೊಂಡು ಹೊರಗೆ ಒಯ್ಯಿರಿ, ಬರಿಗೈಯಲ್ಲಿ ಮುಟ್ಟಬೇಡಿ. ಲೋಳೆಯ ಮೇಲೆ ಒಣ ಬೂದಿ ಉದುರಿಸಿ, ಎರಡು ನಿಮಿಷ ಬಿಟ್ಟು ಪೇಪರಿನಿಂದ ಬಳಿದು ತೆಗೆಯಿರಿ. ನೀರು ಆಮೇಲೆ. ಟೈಲ್ಸ್ ಆದರೆ ಅರ್ಧ ವಿನೆಗರ್, ಅರ್ಧ ನೀರು ಬೆರೆಸಿ ಒರೆಸಬಹುದು. ಮಾರ್ಬಲ್ ಅಥವಾ ಹಳೆಯ ಕೆಂಪು ಗಾರೆ ನೆಲಕ್ಕೆ ವಿನೆಗರ್ ತಾಗಿಸಬೇಡಿ, ಹೊಳಪು ಹೋಗುತ್ತದೆ; ಸೋಪಿನ ನೀರೇ ಸಾಕು. ಕೈಗೆ ಅಂಟಿಕೊಂಡಿದ್ದರೂ ಮೊದಲು ಒಣಗೈಯಲ್ಲಿ ಉಜ್ಜಿ ಉದುರಿಸಿ, ಆಮೇಲೆ ಸೋಪು.

ಅದು ಎಲ್ಲಿಂದ ಬಂತು ಎಂಬ ಬಗ್ಗೆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಸಿದ್ಧಾಂತ. ಚರ್ಚೆ ಬಿಟ್ಟು, ರಾತ್ರಿ ಮಲಗುವಾಗ ಬಾಗಿಲ ಸಂದಿ, ಬಚ್ಚಲ ಜಾಲರಿ, ಸಿಂಕಿನ ಪೈಪು ಗೋಡೆಗೆ ಹೋಗುವ ತೂತು, ಈ ಮೂರೂ ಕಡೆ ರಂಗೋಲಿ ಪುಡಿಯನ್ನು ತೆಳ್ಳಗೆ ಹರಡಿ. ಬೆಳಿಗ್ಗೆ ಪುಡಿಯಲ್ಲಿ ಬೆರಳಗಲದ ದಾರಿ ಬಿದ್ದ ಕಡೆಯೇ ಹೆಬ್ಬಾಗಿಲು. ರಂಗೋಲಿಯಿಂದ ಆಗುವುದು ಇಷ್ಟೇ. ಅದು ಹುಳುವನ್ನು ತಡೆಯುತ್ತದೆ ಎಂದುಕೊಂಡರೆ, ನಿಮ್ಮ ಎಳೆಯ ಮೇಲೆ ಅದು ತನ್ನದೊಂದು ಬೆಳ್ಳಿ ಎಳೆ ಸೇರಿಸಿ ಹೋಗಿರುತ್ತದೆ. ಬೂದಿ, ಮೊಟ್ಟೆಚಿಪ್ಪು, ಮರಳು ಎಲ್ಲದರ ಹಣೆಬರಹವೂ ಒಂದೇ: ಒಣಗಿರುವ ತನಕ ಸ್ವಲ್ಪ ಮರ್ಯಾದೆ, ಇಬ್ಬನಿ ಬಿದ್ದರೆ ಅದೂ ಇಲ್ಲ. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2018ರಲ್ಲಿ ತಾಮ್ರದ ಪಟ್ಟಿ, ಮೊಟ್ಟೆಚಿಪ್ಪುಗಳನ್ನೆಲ್ಲ ತೋಟದಲ್ಲಿ ಪರೀಕ್ಷಿಸಿ, ಗಿಡಗಳಿಗಾದ ಹಾನಿ ಏನೂ ಕಮ್ಮಿಯಾಗಲಿಲ್ಲ ಎಂದಿತು. ಇನ್ನು ಗೋಡೆಬದಿಗೆ ಸುಣ್ಣ? ದೊಡ್ಡ ಶಂಖದಂಥ ಆಫ್ರಿಕನ್ ಬಸವನಹುಳು ಚಿಪ್ಪು ಬೆಳೆಸಿಕೊಳ್ಳಲು ಗೋಡೆಯ ಸುಣ್ಣವನ್ನೇ ಕೆರೆದು ತಿನ್ನುತ್ತದೆ.

ನಿಜವಾಗಿ ಕೆಲಸ ಮಾಡುವುದು ಬಾಗಿಲ ಕೆಳಗಿನ ರಬ್ಬರ್ ಪಟ್ಟಿ. ಸಂದಿ 2 ಮಿಲಿಮೀಟರ್‌ಗಿಂತ ಹೆಚ್ಚಿರಬಾರದು. ಚಿಪ್ಪಿಲ್ಲದವನು ಮೈ ಹಿಗ್ಗಿಸಿ ಕುಗ್ಗಿಸಿ ಎಲ್ಲೆಂದರಲ್ಲಿ ನುಸುಳುತ್ತಾನೆ. ಹೊಸಿಲು ಎತ್ತರವಿದೆಯಲ್ಲ ಎನ್ನಬೇಡಿ, ಗೋಡೆ ಹತ್ತುವವನಿಗೆ ಹೊಸಿಲು ಯಾವ ಲೆಕ್ಕ? ಪಟ್ಟಿ ಹಾಕಿಸುವಾಗ ಎದುರಲ್ಲೇ ನಿಂತಿರಿ. ಬಡಗಿ ಎರಡೂ ತುದಿಯಲ್ಲಿ ಅರ್ಧರ್ಧ ಇಂಚು ಕಮ್ಮಿ ಕತ್ತರಿಸಿ ‘ಬಾಗ್ಲು ಫ್ರೀಯಾಗಿ ಆಡ್ಬೇಕಲ್ಲ ಸಾರ್’ ಎನ್ನುತ್ತಾರೆ. ಆಡುತ್ತದೆ, ಹುಳುವೂ ಆಡುತ್ತದೆ. ಬಚ್ಚಲ ಪೈಪಿನ ಬಾಯಿಗೆ ಸೊಳ್ಳೆಪರದೆ ಕಟ್ಟುವ ಜಾಣತನವೂ ಬೇಡ. ಕೂದಲು, ಸೋಪು ಸಿಕ್ಕಿಕೊಂಡು ನೀರು ನಡುಮನೆಗೆ ಬರುತ್ತದೆ. ಸಣ್ಣ ಕಣ್ಣಿನ ಸ್ಟೀಲ್ ಜಾಲರಿ, ಅದರಡಿ ನೀರು ನಿಲ್ಲುವ ಟ್ರ್ಯಾಪ್ ಹಾಕಿಸಿ, ವಾರಕ್ಕೊಮ್ಮೆ ಜಾಲರಿ ಎತ್ತಿ ತೊಳೆಯಿರಿ.

ಸಂದಿ ಮುಚ್ಚಿದ ಮೇಲೆ ಮಾಡಬೇಕಾದ್ದು ಒದ್ದೆ ಕಮ್ಮಿ ಮಾಡುವುದು. ಗಿಡಗಳಿಗೆ ಸಂಜೆ ನೀರು ಹಾಕುವ ಅಭ್ಯಾಸ ಬೆಳಿಗ್ಗೆಗೆ ಬದಲಾಗಲಿ. ಸಂಜೆ ಹಾಕಿದರೆ ಹುಳುಗಳಿಗೆ ರಾತ್ರಿಯಿಡೀ ತಂಪಾದ ದಾರಿ. ಬಾಗಿಲ ಪಕ್ಕದ ತೆಂಗಿನ ಮಟ್ಟೆ, ಕರಟ, ಗೋಣಿಚೀಲಗಳ ರಾಶಿ ‘ಒಲೆಗೆ ಬೇಕಾಗುತ್ತೆ’ ಎಂದು ಗ್ಯಾಸ್ ಬಂದ ಮೇಲೂ ಅಲ್ಲೇ ಇರುತ್ತದೆ. ಹಗಲೆಲ್ಲ ಹುಳುಗಳ ವಾಸ ಅಲ್ಲೇ.

ಹಿಟ್ಟಿನ ಬಲೆ ಬೇಕಿದ್ದರೆ ಒಂದು ಲೋಟ ಮೈದಾ, ಒಂದು ಲೋಟ ನೀರು, ಒಂದು ಚಮಚ ಯೀಸ್ಟ್ ಕಲಸಿ ಉಬ್ಬಿದ ಮೇಲೆ ಡಬ್ಬಿಯಲ್ಲಿ ಹಾಕಿ, ಬಾಯಿ ನೆಲದಿಂದ ಅರ್ಧ ಇಂಚು ಮೇಲಿರುವಂತೆ ಹೂಳಿ. ಹುಳಿವಾಸನೆಗೆ ಬಂದು ಬೀಳುತ್ತವೆ. ಡಬ್ಬಿಯನ್ನು ಬಾಗಿಲ ಹತ್ತಿರ ಇಡುವುದು ಮಾತ್ರ ಮದುವೆಮನೆಗೆ ಬೋರ್ಡು ಹಾಕಿದಂತೆ; ಕಾಂಪೌಂಡಿನ ಮೂಲೆಗೆ ಇಡಿ. ಬಸವನಹುಳು ಕೊಲ್ಲಲೆಂದು ಅಂಗಡಿಯಲ್ಲಿ ಮಾರುವ ಮೆಟಾಲ್ಡಿಹೈಡ್ ಗುಳಿಗೆಯನ್ನು ನಾಯಿ, ಬೆಕ್ಕು, ಮಕ್ಕಳಿರುವ ಮನೆಗೆ ತರಲೇಬೇಡಿ. ಅದು ನಾಯಿಗೂ ರುಚಿ, ನಾಯಿಗೂ ವಿಷ.

ಹಿಡಿದದ್ದನ್ನು ಏನು ಮಾಡುವುದು? ಪಕ್ಕದ ಮನೆಗೆ ಎಸೆಯುವುದು ಊರಿನ ಪದ್ಧತಿ. ಬ್ರಿಟನ್ನಿನಲ್ಲಿ ತೋಟದ ಬಸವನಹುಳುಗಳ ಮೇಲೆ ಪ್ರಯೋಗ ಮಾಡಿದವರು, 20 ಮೀಟರ್‌ಗಿಂತ ಹತ್ತಿರ ಬಿಟ್ಟರೆ ಅವು ಮನೆ ದಾರಿ ಹಿಡಿಯುತ್ತವೆ ಎಂದಿದ್ದಾರೆ. ನಮ್ಮ ಮೂವತ್ತು-ನಲವತ್ತರ ಸೈಟಿನ ಅಗಲ 9 ಮೀಟರ್, ಉದ್ದ 12. ಆ ಲೆಕ್ಕದಲ್ಲಿ ಪಕ್ಕದ ಮನೆ ಸಾಲದು, ಅದರಾಚೆಯದೂ ಸಾಲದು. ಮೂರನೆಯದಕ್ಕೆ ಎಸೆಯುವ ತೋಳ್ಬಲ ಯಾರಿಗಿದೆ? ಆ ಹೊತ್ತಿಗೆ ಅವರೂ ನಿಮ್ಮ ಕಡೆಗೆ ಎಸೆದಿರುತ್ತಾರೆ.

1847ರಲ್ಲಿ ಬೆನ್ಸನ್ ಎಂಬ ಚಿಪ್ಪುಜೀವಿ ಶಾಸ್ತ್ರಜ್ಞರು ಮಾರಿಷಸ್‌ನಿಂದ ತಂದು ಕಲ್ಕತ್ತೆಯ ತೋಟವೊಂದರಲ್ಲಿ ಬಿಟ್ಟ ಆಫ್ರಿಕನ್ ಶಂಖದ ಹುಳು ಇಡೀ ದೇಶಕ್ಕೆ ಹಬ್ಬಿತು. ಒಂದೊಂದು ಸಲಕ್ಕೆ ನೂರಾರು ಮೊಟ್ಟೆ ಇಡುವ ಇದನ್ನು ಎಲ್ಲಿಗೂ ಸಾಗಿಸಬೇಡಿ. ಗ್ಲೌಸ್ ಹಾಕಿ ಆರಿಸಿ. ಇದರ ಮೈಯಲ್ಲಿ ಮಿದುಳಿನ ಪೊರೆಗೆ ಉರಿಯೂತ ತರುವ ‘ಇಲಿ-ಶ್ವಾಸಕೋಶದ ಹುಳು’ ಎಂಬ ಪರಾವಲಂಬಿ ಇರಬಹುದು. ನಾಲ್ಕು ಲೀಟರ್ ನೀರಿಗೆ ಒಂದು ಕಿಲೊ ಹರಳುಪ್ಪು ಕರಗಿಸಿದ ಬಕೆಟ್ಟಿಗೆ ಹಾಕಿ ಮುಚ್ಚಿ. ಮಾರನೆಯ ದಿನ ಗಿಡಗಳಿಂದ ದೂರ ಒಂದಡಿ ಆಳದ ಗುಂಡಿಯಲ್ಲಿ ಹೂಳಿ, ಉಪ್ಪುನೀರನ್ನು ಮೋರಿಗೆ ಚೆಲ್ಲಿ. ಕರಿಬೇವಿನ ಬುಡಕ್ಕೆ ಬೇಡ.