ಬೆಲ್ ಆ್ಯಂಡ್ ಸೆಬಾಸ್ಟಿಯನ್ ಸಂಗ್ರಹವನ್ನು ಬಿಡಿಸಿಕೊಂಡು ಕೇಳಿ

‘ಪುಶ್ ಬಾರ್‌ಮನ್ ಟು ಓಪನ್ ಓಲ್ಡ್ ವೂಂಡ್ಸ್’ ಅಂತ ಎರಡು ಸಿ.ಡಿ.ಗಳ ಒಂದು ಸಂಗ್ರಹ ಇದೆ. ಜೀಪ್‌ಸ್ಟರ್ ಲೇಬಲ್ 2005ರಲ್ಲಿ ತಂದದ್ದು. ಗ್ಲಾಸ್ಗೋದ ಬೆಲ್ ಆ್ಯಂಡ್ ಸೆಬಾಸ್ಟಿಯನ್ ಬ್ಯಾಂಡ್ 1997ರಿಂದ 2001ರವರೆಗೆ ಬಿಡುಗಡೆ ಮಾಡಿದ ಏಳು ಇಪಿಗಳು (ಮೂರ್ನಾಲ್ಕು ಹಾಡಿನ ಚಿಕ್ಕ ರೆಕಾರ್ಡುಗಳು), ಒಟ್ಟು 25 ಟ್ರ್ಯಾಕು, ಬಂದ ಕ್ರಮದಲ್ಲೇ ಇವೆ. ಹೊಸ ಹಾಡಿನ ಆಮಿಷ ಇಲ್ಲ, ರೀಮಿಕ್ಸ್ ಇಲ್ಲ, ಜನಪ್ರಿಯವಾದದ್ದನ್ನು ಮುಂದೆ ತಂದು ಕೂರಿಸಿಲ್ಲ. ಇಂಡಿ ಪಾಪ್‌ನ ಸಿಂಗಲ್ಸ್ (ಬಿಡಿಯಾಗಿ ಬಂದ ಹಾಡುಗಳು) ಮತ್ತು ಬಿ-ಸೈಡ್ (ಅವುಗಳ ಹಿಂಬದಿಯ ಹಾಡುಗಳು) ಸಂಗ್ರಹಗಳಲ್ಲಿ ಇಷ್ಟು ಪ್ರಾಮಾಣಿಕವಾದದ್ದು ಕಡಿಮೆ. ಆದರೂ ಇದನ್ನು ಒಂದೇ ಪಟ್ಟಿಗೆ ಕೇಳಿ ಮುಗಿಸಿದವರು ಬಹಳ ಮಂದಿ ‘ಚೆನ್ನಾಗಿದೆ, ಆದ್ರೆ ಎಳೀತು’ ಅಂತಾರೆ. ಎಳೆಯೋದು ನಿಜ. ಏಳು ಬೇರೆ ಬೇರೆ ರೆಕಾರ್ಡುಗಳನ್ನು ಒಂದೇ ಆಲ್ಬಮ್ ಅಂದುಕೊಂಡು ಕೇಳಿದರೆ ಎಳೆಯದೆ ಇನ್ನೇನಾಗುತ್ತೆ!

ಈ ಹಾಡುಗಳು ಆಲ್ಬಮ್‌ಗಳಿಂದ ಉಳಿದ ಚೂರುಪಾರು ಅಲ್ಲ ಅನ್ನೋದು ಮೊದಲು ತಲೆಯಲ್ಲಿರಲಿ. 1996ರಲ್ಲಿ ಈ ಬ್ಯಾಂಡಿನ ಎರಡು ಆಲ್ಬಮ್ ಬಂದವು. ಮೊದಲನೆಯದು ‘ಟೈಗರ್‌ಮಿಲ್ಕ್’. ಸ್ಟೋ ಕಾಲೇಜಿನ ಎಲೆಕ್ಟ್ರಿಕ್ ಹನಿ ಲೇಬಲ್ಲು ಒತ್ತಿಸಿದ್ದು ಬರೀ 1000 ವಿನೈಲ್ ಪ್ರತಿ. ಎರಡನೆಯದು ‘ಇಫ್ ಯು ಆರ್ ಫೀಲಿಂಗ್ ಸಿನಿಸ್ಟರ್’. ಮುಂದಿನ ಆಲ್ಬಮ್ ಬಂದದ್ದು 1998ರ ಸೆಪ್ಟೆಂಬರ್‌ನಲ್ಲಿ. ನಡುವಿನ 1997 ಪೂರ್ತಿ ಇಪಿಗಳ ವರ್ಷ: ಮೇ ತಿಂಗಳಲ್ಲಿ ‘ಡಾಗ್ ಆನ್ ವೀಲ್ಸ್’, ಜುಲೈನಲ್ಲಿ ‘ಲೇಜಿ ಲೈನ್ ಪೇಂಟರ್ ಜೇನ್’, ಅಕ್ಟೋಬರ್‌ನಲ್ಲಿ ‘3.. 6.. 9 ಸೆಕೆಂಡ್ಸ್ ಆಫ್ ಲೈಟ್’. ಒಂದೊಂದರಲ್ಲಿ ನಾಲ್ಕು ಟ್ರ್ಯಾಕು. ಮೂರೂ ಸೇರಿದರೆ ಹನ್ನೆರಡು, ಅಂದರೆ ಒಂದು ಆಲ್ಬಮ್‌ಗೆ ಸಾಕಾಗುವ ಸರಕು. ಅದನ್ನು ಬೇಕಂತಲೇ ಮೂರು ಕಂತಾಗಿ ಕೊಟ್ಟಿದ್ದಾರೆ.

ಕಂತಿನ ನಡುವಿನ ಅಂತರಕ್ಕೆ ಎಷ್ಟು ಬೆಲೆ ಇತ್ತು ಅನ್ನೋದಕ್ಕೆ ಮೊದಲ ಡಿಸ್ಕಿನ 7ನೇ ಮತ್ತು 9ನೇ ಟ್ರ್ಯಾಕ್ ಕೇಳಿ. 7ನೆಯದು ‘ಎ ಸೆಂಚುರಿ ಆಫ್ ಎಲ್ವಿಸ್’. ಹಾಡಲ್ಲ, ವಾದ್ಯದ ಮೇಲೆ ಬಾಸಿಸ್ಟ್ ಸ್ಟುವರ್ಟ್ ಡೇವಿಡ್ ಮಾತಾಡಿಕೊಂಡು ಹೋಗುವುದು. 9ನೆಯದು ‘ಎ ಸೆಂಚುರಿ ಆಫ್ ಫೇಕರ್ಸ್’. ಅದೇ ವಾದ್ಯದ ಹಿನ್ನೆಲೆಗೆ ಬ್ಯಾಂಡಿನ ಮುಖ್ಯ ಗಾಯಕ ಸ್ಟುವರ್ಟ್ ಮರ್ಡಾಕ್ ಪೂರ್ಣ ಹಾಡು ಹಾಡಿದ್ದಾನೆ. ಜುಲೈನಲ್ಲಿ ಮೊದಲನೆಯದನ್ನು ಕೇಳಿದವರಿಗೆ ಅಕ್ಟೋಬರ್‌ನ ಇಪಿ ಇದರಿಂದಲೇ ಶುರುವಾದಾಗ ‘ಅರೆ, ಇದನ್ನೆಲ್ಲೋ ಕೇಳಿದೀನಲ್ಲ’ ಅನ್ನಿಸಿರುತ್ತೆ. ಮೊದಲು ಮಾತು, ತಿಂಗಳುಗಳ ಮೇಲೆ ಹಾಡು: ಆ ಚೇಷ್ಟೆಯ ಸ್ವಾರಸ್ಯವೇ ಅಲ್ಲಿ. ಸಂಗ್ರಹದಲ್ಲಿ ಎರಡರ ನಡುವೆ ಇರೋದು ‘ಫೋಟೋ ಜೆನ್ನಿ’ ಒಂದೇ. ಹಾಗಾಗಿ ಅದು ಚೇಷ್ಟೆ ಅನ್ನಿಸೋದಿಲ್ಲ, ಮಾಡಿದ್ದನ್ನೇ ಮಾಡಿದ್ದಾರೆ ಅನ್ನಿಸುತ್ತೆ.

ಹಾಗಾಗಿ ಸಂಗ್ರಹವನ್ನು ಒಂದೊಂದೇ ಇಪಿಯಾಗಿ ಬಿಡಿಸಿಕೊಳ್ಳಿ. ಲೆಕ್ಕ ಸುಲಭ. ಮೊದಲ ಡಿಸ್ಕ್: 1ರಿಂದ 4, 5ರಿಂದ 8, 9ರಿಂದ 12. ಎರಡನೇ ಡಿಸ್ಕ್: 1ರಿಂದ 4 ‘ದಿಸ್ ಈಸ್ ಜಸ್ಟ್ ಎ ಮಾಡರ್ನ್ ರಾಕ್ ಸಾಂಗ್’, 5ರಿಂದ 7 ‘ಲೀಗಲ್ ಮ್ಯಾನ್’, 8ರಿಂದ 10 ‘ಜೊನಾಥನ್ ಡೇವಿಡ್’, 11ರಿಂದ 13 ‘ಐಯಾಮ್ ವೇಕಿಂಗ್ ಅಪ್ ಟು ಅಸ್’. ಏಳು ಪ್ಲೇಲಿಸ್ಟ್ ಮಾಡಿ, ದಿನಕ್ಕೊಂದು ಸಾಕು. ಶಫಲ್ ಆಫ್ ಇರಲಿ. ಕ್ರಾಸ್‌ಫೇಡ್ (ಒಂದು ಹಾಡು ಮುಗಿಯುವ ಮೊದಲೇ ಮುಂದಿನದನ್ನು ಬೆಸೆಯುವ ಸೆಟ್ಟಿಂಗ್) ಸೊನ್ನೆಗೆ ಇಳಿಸಿ, ಇಲ್ಲದಿದ್ದರೆ ಮೆಲ್ಲಗೆ ಕರಗುವ ಹಾಡಿನ ಬಾಲವನ್ನು ಮುಂದಿನ ಹಾಡು ನುಂಗುತ್ತೆ. ಮೊದಲ ಡಿಸ್ಕಿನ 12ನೇ ಟ್ರ್ಯಾಕನ್ನು ಅರ್ಧಕ್ಕೆ ಬಿಟ್ಟು ಏಳಬೇಡಿ. ‘ಪುಟ್ ದ ಬುಕ್ ಬ್ಯಾಕ್ ಆನ್ ದ ಶೆಲ್ಫ್’ ಮುಗಿದ ಮೇಲೂ ‘ಸಾಂಗ್ಸ್ ಫಾರ್ ಚಿಲ್ಡ್ರನ್’ ಅನ್ನೋ ಬಚ್ಚಿಟ್ಟ ಪುಟ್ಟ ಹಾಡೊಂದು ಇದೆ.

ಸಿ.ಡಿ.ಯಿಂದ ಕಂಪ್ಯೂಟರಿಗೆ ಇಳಿಸಿಕೊಳ್ಳುವವರು ಟ್ಯಾಗ್ (ಫೈಲಿಗೆ ಅಂಟಿರುವ ಹೆಸರು, ವರ್ಷ ಮುಂತಾದ ವಿವರ) ವಿಷಯದಲ್ಲಿ ಎಡವೋದು ಖಾಯಂ. ಹಾಗೇ ಬಿಟ್ಟರೆ ಅಷ್ಟೂ ಫೈಲಿಗೆ 2005 ಅಂತ ವರ್ಷ ಬೀಳುತ್ತೆ. ಕಾಲಾನುಕ್ರಮದಲ್ಲಿ ಜೋಡಿಸಿದರೆ 1997ರಲ್ಲಿ ಬಂದ ಡೆಮೊಗಳು (ಕರಡು ರೆಕಾರ್ಡಿಂಗ್‌ಗಳು) 2003ರ ‘ಡಿಯರ್ ಕೆಟಾಸ್ಟ್ರಫಿ ವೇಟ್ರೆಸ್’ ಆಲ್ಬಮ್‌ನ ನಂತರ ಬಂದು ಕೂರುತ್ತವೆ. ಟ್ರೆವರ್ ಹಾರ್ನ್ ನಿರ್ಮಾಣದ ಆ ಹೊಳಪಿನ ಸದ್ದಾದ ಮೇಲೆ ‘ಡಾಗ್ ಆನ್ ವೀಲ್ಸ್’ ಕೇಳಿದರೆ ಬ್ಯಾಂಡು ಹಿಂದಕ್ಕೆ ನಡೆದ ಹಾಗಿರುತ್ತೆ. ಆಲ್ಬಮ್ ಟ್ಯಾಗಿಗೆ ಇಪಿ ಹೆಸರು ಹಾಕಿ, ಟ್ರ್ಯಾಕ್ ಸಂಖ್ಯೆಯನ್ನು ಮತ್ತೆ 1ರಿಂದ ಶುರು ಮಾಡಿ, ವರ್ಷ ತಿದ್ದಿ. ಬರೀ ವರ್ಷ ಸಾಲದು, ತಿಂಗಳೂ ಬೇಕು. 1997 ಅಂತಷ್ಟೇ ಬರೆದರೆ ಹೆಸರಿನ ಅಕ್ಷರಕ್ರಮದಲ್ಲಿ ಅಂಕಿ ಮೊದಲು ಬರೋದರಿಂದ ಅಕ್ಟೋಬರ್‌ನ ‘3.. 6.. 9’ ಎಲ್ಲಕ್ಕಿಂತ ಮುಂದೆ ನಿಲ್ಲುತ್ತೆ. 2001ರದ್ದೂ ಇದೇ ಪಾಡು. ಜೂನ್‌ನ ‘ಜೊನಾಥನ್ ಡೇವಿಡ್’ಗಿಂತ ಮೊದಲು ನವೆಂಬರ್‌ನ ‘ಐಯಾಮ್ ವೇಕಿಂಗ್ ಅಪ್’ ಬರುತ್ತೆ. 1997-05, 1997-07, 1997-10 ಅಂತ ಹಾಕಿದರೆ ತಂಟೆ ಇಲ್ಲ. ರಿಪ್ಲೇಗೇನ್ (ಹಾಡುಗಳ ಸದ್ದಿನ ಮಟ್ಟ ಸರಿದೂಗಿಸುವ ವ್ಯವಸ್ಥೆ) ಬಳಸುವವರು ಈ ಬದಲಾವಣೆ ಎಲ್ಲ ಮುಗಿದ ಮೇಲೆ ಇಡೀ ಆಲ್ಬಮ್ಮನ್ನು ಒಟ್ಟಾಗಿ ಅಳೆಯುವ ಆಲ್ಬಮ್ ಗೇನ್ ಮತ್ತೊಮ್ಮೆ ಲೆಕ್ಕ ಹಾಕಿಸಿ. ಟ್ರ್ಯಾಕ್ ಗೇನ್ ಬೇಡ. ಅದು ಪಿಸುಮಾತಿನ ಹಾಡನ್ನೂ ಅಬ್ಬರದ ಹಾಡನ್ನೂ ಒಂದೇ ಮಟ್ಟಕ್ಕೆ ತಂದು, ಇಪಿಯೊಳಗಿನ ಏರಿಳಿತವನ್ನು ಸಪಾಟು ಮಾಡುತ್ತೆ.

ಇನ್ನು ಹಾಡುಗಳಿಗೆ ಬರೋಣ. ‘ಡಾಗ್ ಆನ್ ವೀಲ್ಸ್’ ಇಪಿಯ ನಾಲ್ಕೂ ಬ್ಯಾಂಡು ಪೂರ್ತಿ ಕೂಡಿಕೊಳ್ಳುವ ಮುಂಚಿನ ಡೆಮೊಗಳು. ಮುಂದೆ ಬ್ಯಾಂಡಿನಲ್ಲಿ ಉಳಿದವರ ಪೈಕಿ ಇಲ್ಲಿ ನುಡಿಸಿರೋದು ಮರ್ಡಾಕ್, ಡೇವಿಡ್, ಟ್ರಂಪೆಟ್‌ನ ಮಿಕ್ ಕುಕ್ ಮಾತ್ರ. ‘ದ ಸ್ಟೇಟ್ ಐ ಆ್ಯಮ್ ಇನ್’ ಇಲ್ಲೂ ಇದೆ, ‘ಟೈಗರ್‌ಮಿಲ್ಕ್’ನ ಮೊದಲ ಹಾಡೂ ಅದೇ. ಆದರೆ ಎರಡೂ ಬೇರೆ ರೆಕಾರ್ಡಿಂಗ್. ಟ್ರ್ಯಾಕ್ ಪಟ್ಟಿ ನೋಡಿ ‘ಡೂಪ್ಲಿಕೇಟ್’ ಅಂತ ಒಂದನ್ನು ಅಳಿಸಿಬಿಡಬೇಡಿ. ಆಲ್ಬಮ್ ಮತ್ತೆ ಮುದ್ರಣವಾಗಿದ್ದು 1999ರಲ್ಲಿ. ಅಲ್ಲಿಯವರೆಗೆ ಆ ಸಾವಿರ ಪ್ರತಿ ಸಿಗದ ಬಹುತೇಕರಿಗೆ ಅಂಗಡಿಯಲ್ಲಿ ಸಿಗುತ್ತಿದ್ದದ್ದು ಈ ಡೆಮೊನೇ. ಆಲ್ಬಮ್‌ನದ್ದು ಹೆಚ್ಚು ಅಚ್ಚುಕಟ್ಟು, ಒಪ್ಪುತ್ತೇನೆ. ಈ ಹಾಡು ಹೇಳುವ ಕಥೆಗೆ ಡೆಮೊನ ಅಳ್ಳಕವೇ ಚೆನ್ನ ಅನ್ನೋದು ನನ್ನ ಪಕ್ಷ.

ಸಂಗ್ರಹದ ಶಿಖರ ‘ಲೇಜಿ ಲೈನ್ ಪೇಂಟರ್ ಜೇನ್’, ಇದರಲ್ಲಿ ಚರ್ಚೆಯೇ ಬೇಡ. ಮರ್ಡಾಕ್‌ನ ಸಣ್ಣ, ಹಿಂಜರಿಯುವ ದನಿಗೆ ಎದುರಾಗಿ ಅತಿಥಿ ಗಾಯಕಿ ಮೋನಿಕಾ ಕ್ವೀನ್‌ಳ ದೊಡ್ಡ ಗಂಟಲು. ಮಾತು ಮುಗಿದ ಮೇಲೆ ಆರ್ಗನ್ನೂ ಡ್ರಮ್ಸೂ ಸೇರಿ ಹಾಡನ್ನು ಎತ್ತಿಕೊಂಡು ಹೋಗುವ ಕೊನೆಯ ಭಾಗವನ್ನು ಕತ್ತರಿಸಿ ಕೇಳುವುದು ಅಪರಾಧ. ಇದು ಬ್ರಿಟನ್ ಚಾರ್ಟಿನಲ್ಲಿ 41ಕ್ಕೆ ನಿಂತಿತು, ಟಾಪ್ 40ಕ್ಕೆ ಒಂದೇ ಮೆಟ್ಟಿಲು ಬಾಕಿ. ಅದಕ್ಕಿಂತ ತಣ್ಣಗಿನ ‘3.. 6.. 9’ 32ಕ್ಕೆ ಹೋಯಿತು. ‘3.. 6.. 9’ರಲ್ಲಿ ‘ಬ್ಯೂಟಿಫುಲ್’ ಕೇಳದೆ ದಾಟಬೇಡಿ.

ಎರಡನೇ ಡಿಸ್ಕಿನಲ್ಲಿ ಹಾಡುಗಳು ಮರ್ಡಾಕ್ ಒಬ್ಬನ ಕೈಯಿಂದ ಬ್ಯಾಂಡಿನ ಹಲವರ ಕೈಗೆ ಹೋಗುತ್ತವೆ. ‘ದ ಗೇಟ್’ನಲ್ಲಿ ಇಸಬೆಲ್ ಕ್ಯಾಂಬೆಲ್, ‘ವಿಂಟರ್ ವೂಸ್ಕಿ’ಯಲ್ಲಿ ಸ್ಟುವರ್ಟ್ ಡೇವಿಡ್, ‘ಜೊನಾಥನ್ ಡೇವಿಡ್’ನಲ್ಲಿ ಸ್ಟೀವಿ ಜಾಕ್ಸನ್. ಈ ಡಿಸ್ಕಿನ ಮೊದಲ ಇಪಿಯದ್ದೇ ಇಲ್ಲಿ ಮೇಲುಗೈ. ಏಳು ನಿಮಿಷ ಮೀರುವ ಶೀರ್ಷಿಕೆ ಹಾಡು, ಕೊನೆಗೆ ‘ದಿ ಆ್ಯಸಿಡ್ ಹೌಸ್’ ಚಿತ್ರದಲ್ಲೂ ಇರುವ ‘ಸ್ಲೋ ಗ್ರಾಫಿಟಿ’. ಆಮೇಲೆ ಇಳಿಜಾರು. ‘ಲೀಗಲ್ ಮ್ಯಾನ್’ 15ನೇ ಸ್ಥಾನಕ್ಕೇರಿ ಬ್ಯಾಂಡನ್ನು ಬಿಬಿಸಿ ಟೀವಿಯ ‘ಟಾಪ್ ಆಫ್ ದ ಪಾಪ್ಸ್’ವರೆಗೆ ಕರೆದೊಯ್ದದ್ದು ಹೌದು. ಅರವತ್ತರ ದಶಕದ ವೇಷ ಹಾಕಿ ಕುಣಿಯೋದು ಎರಡು ಸಲ ಮಜಾ ಕೊಡುತ್ತೆ, ಮೂರನೇ ಸಲ ಬೇಡ. ಅದರ ಬೆನ್ನಿಗಿರುವ ವಾದ್ಯದ ತುಣುಕು ಭರ್ತಿ ಸರಕು. ಮೈಕ್ ಹರ್ಸ್ಟ್ ನಿರ್ಮಾಣದ ‘ಐಯಾಮ್ ವೇಕಿಂಗ್ ಅಪ್ ಟು ಅಸ್’ ಮಾತ್ರ ಮತ್ತೆ ಮೇಲೆತ್ತುತ್ತೆ.

ಇಂಥ ಸಂಗ್ರಹ ಹದ ತಪ್ಪಿದರೆ ಏನಾಗುತ್ತೆ ಅಂತ ನೋಡೋಕೆ ಎಂಬತ್ತರ ದಶಕದ ಬ್ರಿಟಿಷ್ ಬ್ಯಾಂಡ್ ದ ಸ್ಮಿತ್ಸ್ ಕಡೆ ತಿರುಗಿ. 1984ರಲ್ಲಿ ‘ಹ್ಯಾಟ್‌ಫುಲ್ ಆಫ್ ಹಾಲೋ’, 1987ರಲ್ಲಿ ಬ್ರಿಟನ್ನಿಗೆ ‘ದ ವರ್ಲ್ಡ್ ವೋಂಟ್ ಲಿಸನ್’, ಅದೇ ವರ್ಷ ಅಮೆರಿಕಕ್ಕೆ ‘ಲೌಡರ್ ದ್ಯಾನ್ ಬಾಂಬ್ಸ್’. ಮೂರರಲ್ಲೂ ಹಾಡುಗಳು ಒಂದರ ಮೇಲೊಂದು ಹಾಸಿಕೊಂಡಿವೆ. ‘ಹ್ಯಾಟ್‌ಫುಲ್’ನಲ್ಲಿರುವ ‘ದಿಸ್ ಚಾರ್ಮಿಂಗ್ ಮ್ಯಾನ್’ ಸಿಂಗಲ್ ಆಗಿ ಬಂದ ರೆಕಾರ್ಡಿಂಗ್ ಅಲ್ಲ, ಬಿಬಿಸಿಯ ಜಾನ್ ಪೀಲ್ ಕಾರ್ಯಕ್ರಮಕ್ಕೆ ನುಡಿಸಿದ ರೇಡಿಯೊ ಸೆಷನ್‌ದು. ‘ಬ್ಯಾಕ್ ಟು ದಿ ಓಲ್ಡ್ ಹೌಸ್’ ಕೂಡ ಅಲ್ಲಿ ಸೆಷನ್‌ದು, ಸ್ಟುಡಿಯೊದ್ದು ಬೇಕಾದರೆ ‘ಲೌಡರ್’ ಹಿಡಿಯಬೇಕು. ಮೂರನ್ನೂ ಕೊಂಡರೂ ‘ದಿಸ್ ಚಾರ್ಮಿಂಗ್ ಮ್ಯಾನ್’ನ ಏಳಿಂಚಿನ ರೆಕಾರ್ಡಿನ ಹಿಂಬದಿಯಲ್ಲಿದ್ದ ‘ಜೀನ್’ ಸಿಗೋದಿಲ್ಲ. ಅದಕ್ಕೆ 2008ರ ‘ದ ಸೌಂಡ್ ಆಫ್ ದ ಸ್ಮಿತ್ಸ್’ನ ಡೀಲಕ್ಸ್ ಆವೃತ್ತಿಯಂಥದ್ದನ್ನು ಹುಡುಕಬೇಕು. ಹಾಡಿನ ಮಟ್ಟಿಗೆ ‘ಹ್ಯಾಟ್‌ಫುಲ್’ ಅಮೂಲ್ಯ. ಸಿಂಗಲ್‌ಗಳ ದಾಖಲೆಯಾಗಿ ಗೋಜಲು.

ಬೆಲ್ ಆ್ಯಂಡ್ ಸೆಬಾಸ್ಟಿಯನ್‌ದೇ ಎರಡನೇ ಸಂಗ್ರಹ ‘ದ ಥರ್ಡ್ ಐ ಸೆಂಟರ್’, 2013ರಲ್ಲಿ ರಫ್ ಟ್ರೇಡ್‌ನಿಂದ ಬಂದದ್ದು, ಜೀಪ್‌ಸ್ಟರ್ ಬಿಟ್ಟ ಮೇಲಿನ ಕಾಲದ್ದು. ಅದು ಶುರುವಾಗೋದೇ ದಿ ಅವಲಾಂಚಸ್ ತಂಡ ಮಾಡಿದ ‘ಐಯಾಮ್ ಎ ಕುಕೂ’ ರೀಮಿಕ್ಸ್‌ನಿಂದ, ಬಿಡುಗಡೆಯ ಕ್ರಮಕ್ಕೆ ಅಲ್ಲಿ ಕಿಮ್ಮತ್ತಿಲ್ಲ. ಅದನ್ನು ಬಿಡಿಸಿಕೊಳ್ಳುವ ಕಷ್ಟ ತಗೋಬೇಡಿ, ಧಾರಾಳವಾಗಿ ಶಫಲ್ ಒತ್ತಿ.